ಹಳೆಯ ಪ್ಲೇಯರ್‌ನ ಬೆನ್ನ ಹಿಂದೆ ಹೊಸ ಬಾಗಿಲುಗಳು

ಡಿಸ್ಕ್ ಹಾಕುವುದು ಕಡಿಮೆಯಾಯಿತೆಂದು ಮೂಲೆ ಸೇರಿದ ಒಪ್ಪೊ ಬಿಡಿಪಿ-105ರಂಥ ಯಂತ್ರ ಇಂದಿಗೂ ಮನೆಯ ಸಂಗೀತಕ್ಕೆಲ್ಲ ಯಜಮಾನನಾಗಿ ನಿಲ್ಲಬಲ್ಲದು. ಹೊಸದಕ್ಕೆ ದುಡ್ಡು ಸುರಿಯುವ ಮುನ್ನ ಒಮ್ಮೆ ಅದರ ಹಿಂಬದಿ ನೋಡಿ.

ಟೀವಿ ಸ್ಟ್ಯಾಂಡ್‌ನಿಂದ ಅದನ್ನು ಈಚೆ ಎಳೆದಾಗ ಕೈಗೆ ಮೊದಲು ತಿಳಿಯುವುದು ತೂಕ. ಸುಮಾರು 8 ಕಿಲೋ. ಇಷ್ಟು ಭಾರದ ಪ್ಲೇಯರ್ ಮಾಡಿದವರು ಬರೀ ಡಿಸ್ಕ್ ತಿರುಗಿಸಲು ಮಾಡಿರಲಿಕ್ಕಿಲ್ಲ ಎಂದು ಆಗಲೇ ಅನ್ನಿಸಬೇಕು. ಟಾರ್ಚ್ ಹಿಡಿದು ಹಿಂಬದಿ ನೋಡಿದರೆ ಸಾಲು ಸಾಲು ಸಾಕೆಟ್‌ಗಳು. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಅವುಗಳಲ್ಲಿ ಕೆಲಸ ಮಾಡಿದ್ದು ಒಂದೇ ಒಂದು, ಟೀವಿಗೆ ಹೋಗುವ ಎಚ್‌ಡಿಎಂಐ. ಉಳಿದವು ಧೂಳು ತಿನ್ನುತ್ತಿದ್ದವು.

ಕ್ಯಾಲಿಫೋರ್ನಿಯಾದ ಒಪ್ಪೊ ಡಿಜಿಟಲ್ ಕಂಪನಿ 2012-13ರ ಹೊತ್ತಿಗೆ ಮಾರುಕಟ್ಟೆಗೆ ತಂದ ಈ ಮಾದರಿಯ ಬೆಲೆ ಅಲ್ಲಿ 1,199 ಡಾಲರ್ ಇತ್ತು. ಸಿಡಿ, ಡಿವಿಡಿ, ಡಿವಿಡಿ-ಆಡಿಯೊ, ಎಸ್‌ಎಸಿಡಿ, ಬ್ಲೂ-ರೇ, ಯಾವುದನ್ನು ಕೊಟ್ಟರೂ ನುಡಿಸುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಹೊಸ ಉತ್ಪನ್ನ ತಯಾರಿಸುವುದನ್ನು ನಿಲ್ಲಿಸುತ್ತೇವೆ ಎಂದು ಕಂಪನಿ ಪ್ರಕಟಿಸಿತು. ಅಂಗಡಿ ಮುಚ್ಚಿತು, ಯಂತ್ರ ಮುದಿಯಾಯಿತು ಎಂದು ಹಲವರು ತೀರ್ಮಾನಿಸಿದರು. ಆ ತೀರ್ಮಾನ ತಪ್ಪು.

ಮುಪ್ಪಾಗುವುದು ಯಾವುದು, ಆಗದ್ದು ಯಾವುದು?

ಇಂಥ ಪ್ಲೇಯರ್‌ನೊಳಗೆ ಎರಡು ಬಗೆಯ ವಸ್ತುಗಳಿವೆ. ನೆಟ್‌ವರ್ಕ್ ಆ್ಯಪ್‌ಗಳು, ಸ್ಟ್ರೀಮಿಂಗ್ ಸೇವೆಗಳು ಬೇಗ ಹಳತಾಗುತ್ತವೆ. ಅತ್ತ ಸರ್ವರ್ ಬದಲಾದರೆ ಇತ್ತ ಐಕಾನ್ ಮಾತ್ರ ಉಳಿಯುತ್ತದೆ. ಆದರೆ ಡಿಜಿಟಲ್ ಅಂಕಿಗಳನ್ನು ನಾದವಾಗಿ ಬದಲಿಸುವ ಡ್ಯಾಕ್, ಅದಕ್ಕೆ ಶುದ್ಧ ವಿದ್ಯುತ್ ಒದಗಿಸುವ ಟ್ರಾನ್ಸ್‌ಫಾರ್ಮರ್, ಅನಲಾಗ್ ಸರ್ಕ್ಯೂಟ್ ಇವಕ್ಕೆ ಅಷ್ಟು ಬೇಗ ವಯಸ್ಸಾಗುವುದಿಲ್ಲ. 105ರಲ್ಲಿ ಇರುವುದು ಇಎಸ್‌ಎಸ್ ಕಂಪನಿಯ ಎರಡು ಸೇಬರ್ ಇಎಸ್9018 ಚಿಪ್‌ಗಳು. ಒಂದು ಸ್ಟೀರಿಯೊಗೆ, ಇನ್ನೊಂದು 7.1 ಚಾನೆಲ್‌ಗೆ. ದುಡ್ಡು ಕೊಟ್ಟು ಕೊಂಡಿದ್ದು ಮುಖ್ಯವಾಗಿ ಇದನ್ನೇ. ಬೇರೆ ಬೇರೆ ಕಡೆಯಿಂದ ಬರುವ ಸಂಗೀತವನ್ನೆಲ್ಲ ಈ ಚಿಪ್‌ಗಳ ಮೂಲಕ ಹಾಯಿಸಿದರೆ ಹಳೆಯ ಪ್ಲೇಯರ್ ಹೊಸ ಕೆಲಸಕ್ಕೆ ಬಂದಂತೆ.

ಒಂದನೇ ಬಾಗಿಲು: ಟೀವಿಯ ಧ್ವನಿ

ಎಲ್ಲಕ್ಕಿಂತ ಸುಲಭದ್ದು, ಖರ್ಚು ಕಡಿಮೆಯದ್ದು ಇದು. ಒಂದು ಆಪ್ಟಿಕಲ್ ಕೇಬಲ್ ತನ್ನಿ. ಅದರ ಎರಡೂ ತುದಿಗೆ ಕಾಳಿನಷ್ಟು ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಚುಚ್ಚಿ, ಧ್ವನಿ ಬರುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವವರುಂಟು. ಟೋಪಿ ತೆಗೆದು, ಒಂದು ತುದಿಯನ್ನು ಟೀವಿಯ ಆಪ್ಟಿಕಲ್ ಔಟ್‌ಗೆ ಸೇರಿಸಿ. ಇನ್ನೊಂದು ತುದಿಯಲ್ಲಿ ಕೆಂಪು ಚುಕ್ಕೆಯಂತೆ ಬೆಳಕು ಕಾಣುತ್ತದೆ. ಆ ಬೆಳಕೇ ಧ್ವನಿ. ಅದನ್ನು ಪ್ಲೇಯರ್‌ನ ಆಪ್ಟಿಕಲ್ ಇನ್‌ಗೆ ಒತ್ತಿ, ಟೀವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಪಿಸಿಎಂ ಆರಿಸಿ, ರಿಮೋಟ್‌ನ ಇನ್‌ಪುಟ್ ಗುಂಡಿ ಒತ್ತಿ. ಯೂಟ್ಯೂಬ್‌ನಲ್ಲಿ ನೋಡುವ ಯಕ್ಷಗಾನದ ಚಂಡೆ ಈಗ ಟೀವಿಯ ಪುಟ್ಟ ಸ್ಪೀಕರ್ ಬಿಟ್ಟು ನಿಮ್ಮ ದೊಡ್ಡ ಸ್ಪೀಕರ್‌ಗಳಲ್ಲಿ ಮೊಳಗುತ್ತದೆ.

ಸ್ಟ್ರೀಮಿಂಗ್ ಸ್ಟಿಕ್ ಅನ್ನು ಪ್ಲೇಯರ್‌ನ ಎಚ್‌ಡಿಎಂಐ ಇನ್‌ಗೇ ಚುಚ್ಚಬಹುದು, ನಿಜ. ಆದರೆ ಇದು 4ಕೆ ಸ್ಟ್ರೀಮಿಂಗ್‌ಗೆ ಮೊದಲಿನ ತಲೆಮಾರಿನ ಸಾಕೆಟ್. ಚಿತ್ರ 1080ಪಿಗೆ ಇಳಿಯುತ್ತದೆ. ಸ್ಟಿಕ್ ಟೀವಿಯಲ್ಲೇ ಇರಲಿ, ಧ್ವನಿಯನ್ನಷ್ಟೇ ಇತ್ತ ಕರೆದುಕೊಳ್ಳಿ.

ಎರಡನೇ ಬಾಗಿಲು: ಕಂಪ್ಯೂಟರ್

ಹಿಂಬದಿಯ ಯುಎಸ್‌ಬಿ ಡ್ಯಾಕ್ ಸಾಕೆಟ್ ಚೌಕನೆಯದು, ಪ್ರಿಂಟರ್‌ಗಳಲ್ಲಿ ಇರುವಂಥದ್ದು. ಲ್ಯಾಪ್‌ಟಾಪ್‌ನಿಂದ ಇಲ್ಲಿಗೆ ಒಂದು ಕೇಬಲ್ ಎಳೆದರೆ ಪ್ಲೇಯರ್ ಒಂದು ಹೊರಗಿನ ಸೌಂಡ್ ಕಾರ್ಡ್ ಆಗುತ್ತದೆ. 24 ಬಿಟ್, 192 ಕಿಲೋಹರ್ಟ್ಸ್‌ವರೆಗಿನ ಫೈಲ್‌ಗಳು ಸಲೀಸಾಗಿ ನುಡಿಯುತ್ತವೆ. ಸಿಡಿಯಲ್ಲಿರುವುದು 16 ಬಿಟ್, 44.1 ಕಿಲೋಹರ್ಟ್ಸ್ ಎಂಬುದನ್ನು ನೆನೆದರೆ ಈ ಬಾಗಿಲು ಎಷ್ಟು ಅಗಲವೆಂದು ತಿಳಿಯುತ್ತದೆ. ಮುಂಭಾಗದ ಹೆಡ್‌ಫೋನ್ ಜಾಕ್ ಕೂಡ ಇದೇ ದಾರಿಯ ಕೊನೆಯಲ್ಲಿದೆ. ಮನೆಯವರೆಲ್ಲ ಮಲಗಿದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಗಾಯನ ಹಾಕಿಕೊಂಡು ಕೂತರೆ, ಹಿಂದೆ ಮೀಟುವ ತಂಬೂರಿಯ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳುತ್ತದೆ. ಆ ಸುಖಕ್ಕಾಗಿ ಒಂದು ಕೇಬಲ್ ಕೊಂಡರೆ ನಷ್ಟವಿಲ್ಲ.

ಮೂರನೇ ಬಾಗಿಲು: ಸಿಡಿ ಕಪಾಟು ಒಂದು ಡ್ರೈವ್‌ನಲ್ಲಿ

ನಿಮ್ಮ ಸಿಡಿಗಳನ್ನು ಕಂಪ್ಯೂಟರ್‌ನಲ್ಲಿ ಎಫ್‌ಎಲ್‌ಎಸಿ ಫೈಲ್‌ಗಳಾಗಿ ಇಳಿಸಿಕೊಳ್ಳಿ. ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ, ಜಾಗ ಮಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ. 1 ಟಿಬಿ ಡ್ರೈವ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿಡಿ ಹಿಡಿಸುತ್ತವೆ. ಡ್ರೈವ್ ಅನ್ನು ಯುಎಸ್‌ಬಿಗೆ ಚುಚ್ಚಿದರೆ ಮುಗಿಯಿತು. ಡಿಸ್ಕ್ ಓದುವ ಲೇಸರ್‌ಗೂ ಮೋಟಾರಿಗೂ ವಿಶ್ರಾಂತಿ ಸಿಗುವುದರಿಂದ ಯಂತ್ರದ ಆಯುಸ್ಸೂ ಹೆಚ್ಚುತ್ತದೆ.

ವೈಫೈ ಮೂಲಕ ಕಂಪ್ಯೂಟರಿನ ಫೋಲ್ಡರ್ ತೆರೆಯುವ ಸೌಲಭ್ಯವೂ ಇದರಲ್ಲಿದೆ. ಅದು ನಂಬಿರುವ ಎಸ್‌ಎಂಬಿ-1 ಹಳೆಯ ವಿಧಾನ. ಈಚಿನ ವಿಂಡೋಸ್ ಸುರಕ್ಷತೆಯ ಕಾರಣಕ್ಕೆ ಅದನ್ನು ಮುಚ್ಚಿಟ್ಟಿರುತ್ತದೆ. ಬಲವಂತವಾಗಿ ತೆರೆಯಬೇಡಿ. ಬದಲಿಗೆ ಡಿಎಲ್‌ಎನ್‌ಎ ಸರ್ವರ್ ತಂತ್ರಾಂಶ ಬಳಸಿ.

ನಾಲ್ಕನೇ ಬಾಗಿಲು: ನೇರ ಸ್ಪೀಕರಿಗೆ

ಪ್ಲೇಯರ್‌ನಲ್ಲೇ ವಾಲ್ಯೂಮ್ ನಿಯಂತ್ರಣವಿದೆ. ಹಾಗಾಗಿ ಪವರ್ ಆಂಪ್ಲಿಫೈಯರ್‌ಗೆ ಇಲ್ಲವೇ ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್‌ಗಳಿಗೆ ನೇರ ಜೋಡಿಸಬಹುದು, ನಡುವೆ ಮತ್ತೊಂದು ಪೆಟ್ಟಿಗೆ ಬೇಕಿಲ್ಲ. ಒಂದೇ ಎಚ್ಚರಿಕೆ: ಮೊದಲ ಸಲ ಹಾಡು ಹಾಕುವ ಮುನ್ನ ವಾಲ್ಯೂಮ್ ಅನ್ನು 100ರಿಂದ 30-40ಕ್ಕೆ ಇಳಿಸಿ. ಮರೆತರೆ ಕಿವಿಗೂ ಸ್ಪೀಕರಿಗೂ ಪೆಟ್ಟು.

ಕೈ ಹಾಕುವ ಮುನ್ನ

ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಯಂತ್ರವಾದರೆ ಮೊದಲು ಹಿಂಬದಿಯ ವೋಲ್ಟೇಜ್ ಬರಹ ಓದಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಡಿಸ್ಕ್‌ಗಳ ಪ್ರದೇಶ ಸಂಕೇತವೂ ಬೇರೆ: ಅಲ್ಲಿ ಡಿವಿಡಿಗೆ 1, ಬ್ಲೂ-ರೇಗೆ ಎ, ಭಾರತಕ್ಕೆ 5 ಮತ್ತು ಸಿ. ಇದನ್ನು ಮೀರಲು ಯಾರೋ ತಿದ್ದಿದ ಫರ್ಮ್‌ವೇರ್ ಹಾಕಿಸುತ್ತೇವೆ ಎಂದರೆ ಬೇಡವೆನ್ನಿ. ಅಪ್‌ಡೇಟ್ ಅರ್ಧದಲ್ಲಿ ಕೆಟ್ಟರೆ ಹೊಸ ಬೋರ್ಡ್ ಹುಡುಕುವುದು ಇಂದು ಸುಲಭವಲ್ಲ. ಫ್ಯಾನ್ ಇಲ್ಲದ ಯಂತ್ರವಾದ್ದರಿಂದ ಮೇಲೆ ಸೆಟ್‌ಟಾಪ್ ಬಾಕ್ಸ್ ಪೇರಿಸಬೇಡಿ, ಉಸಿರಾಡಲು ಜಾಗ ಬಿಡಿ.

ನಿಮ್ಮಲ್ಲಿರುವುದು ಬೇರೆ ಕಂಪನಿಯ ಪ್ಲೇಯರ್ ಇರಬಹುದು. ಅದಕ್ಕೆ ಇಷ್ಟು ಬಾಗಿಲುಗಳಿಲ್ಲದೆಯೂ ಇರಬಹುದು. ಆದರೂ ಈ ಭಾನುವಾರ ಅದನ್ನು ಈಚೆ ಎಳೆಯಿರಿ, ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಪ್ರತಿ ಸಾಕೆಟ್‌ನ ಮೇಲಿರುವ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ‘ಇನ್’ ಎಂಬ ಅಕ್ಷರ ಒಂದು ಕಡೆ ಕಂಡರೂ ಸಾಕು, ಹೊಸ ಡ್ಯಾಕ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಮುಂದೂಡಿ.