ಮಕ್ಕಳು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುವುದೇಕೆ?

ಬೆಳಗಾದೊಡನೆ ಒದ್ದೆಯಾದ ಕೌದಿಯನ್ನು ಅಂಗಳದ ಹಗ್ಗದ ಮೇಲೆ ಹರವುವ ತಾಯಿಯ ಮುಖದಲ್ಲಿ ಬೇಸರವಿರುತ್ತದೆ. ಬಾಗಿಲ ಮರೆಯಲ್ಲಿ ನಿಂತು ಅದನ್ನು ನೋಡುವ ಮಗುವಿನ ಮುಖದಲ್ಲಿ ತಪ್ಪಿತಸ್ಥನ ಅಳುಕಿರುತ್ತದೆ. ಆ ಮಗು ತಪ್ಪು ಮಾಡಿಲ್ಲವೆಂಬುದನ್ನು ನಾವು ಮೊದಲು ಅರಿಯಬೇಕು.

ಐದು ವರ್ಷ ತುಂಬುವವರೆಗೆ ಇದನ್ನು ವೈದ್ಯರು ಕಾಯಿಲೆಯೆಂದು ಪರಿಗಣಿಸುವುದೇ ಇಲ್ಲ. 5 ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ, 10 ವರ್ಷದ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಈ ತೊಂದರೆ ಇರುತ್ತದೆ. ಬಹುಪಾಲು ಮಕ್ಕಳಲ್ಲಿ ವಯಸ್ಸಾದಂತೆ ಅದು ತಾನಾಗಿಯೇ ನಿಲ್ಲುತ್ತದೆ.

ರಾತ್ರಿಯ ವೇಳೆ ಮೆದುಳಿನಿಂದ ಬರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಮೂತ್ರದ ಉತ್ಪತ್ತಿಯನ್ನು ತಗ್ಗಿಸುತ್ತದೆ. ಕೆಲವು ಮಕ್ಕಳಲ್ಲಿ ಈ ಏರ್ಪಾಡು ತಡವಾಗಿ ಪಕ್ವವಾಗುತ್ತದೆ. ಕೆಲವರ ಮೂತ್ರಕೋಶವು ರಾತ್ರಿಯ ಮೂತ್ರವನ್ನೆಲ್ಲ ಹಿಡಿದಿಡಲಾರದು. ಇದರೊಡನೆ, ಮೂತ್ರಕೋಶ ತುಂಬಿದರೂ ಮಗುವಿಗೆ ಎಚ್ಚರವಾಗುವುದಿಲ್ಲ. ಎಚ್ಚರವೇ ಆಗದವನನ್ನು ಸೋಮಾರಿಯೆನ್ನುವುದು ಹೇಗೆ? ಇದು ಮನೆತನದಲ್ಲಿ ಹರಿದುಬರುವುದೂ ಉಂಟು. ಮಗನನ್ನು ಗದರುವ ತಂದೆಯು ತನ್ನ ಬಾಲ್ಯದ ಸಂಗತಿಯನ್ನು ಒಮ್ಮೆ ತನ್ನ ತಾಯಿಯಲ್ಲಿ ವಿಚಾರಿಸುವುದು ಒಳ್ಳೆಯದು!

ಹಲವರು ಗಮನಿಸದ ಕಾರಣವೊಂದಿದೆ, ಮಲಬದ್ಧತೆ. ಗಟ್ಟಿಯಾದ ಮಲವು ಕರುಳಿನಲ್ಲಿ ತುಂಬಿಕೊಂಡು ಮೂತ್ರಕೋಶವನ್ನು ಒತ್ತುತ್ತದೆ. ಮಲಬದ್ಧತೆ ನಿವಾರಣೆಯಾದೊಡನೆ ಕೆಲವು ಮಕ್ಕಳ ಹಾಸಿಗೆ ಒಣಗಿರುವುದುಂಟು.

ಹೊಡೆಯುವುದು, ನೆಂಟರೆದುರು ಹೀಯಾಳಿಸುವುದು, ಬರೆ ಹಾಕುವೆನೆಂದು ಹೆದರಿಸುವುದು ಇವುಗಳಿಂದ ಯಾವ ಮಗುವಿಗೂ ಗುಣವಾಗದು. ಬರೆ ಹಾಕುವುದಂತೂ ಹಿಂಸೆಯೇ ಹೊರತು ಚಿಕಿತ್ಸೆಯಲ್ಲ. ಹೆದರಿದ ಮಗು ಒದ್ದೆ ಚಡ್ಡಿಯನ್ನು ಬಚ್ಚಿಡಲು ಕಲಿಯುತ್ತದೆ, ಅಜ್ಜಿಯ ಊರಿಗೂ ಹೋಗಲೊಲ್ಲದು.

ಹಗಲಿನಲ್ಲಿ ನೀರನ್ನು ಧಾರಾಳವಾಗಿ ಕುಡಿಸಿ, ಮಲಗುವ ಮುನ್ನಿನ ಒಂದೆರಡು ಗಂಟೆ ಮಾತ್ರ ಕಡಿಮೆ ಮಾಡಬೇಕು. ಸಂಜೆಯ ಚಹಾ, ಕಾಫಿ ಬೇಡ. ಮಲಗುವಾಗ ಮೂತ್ರ ವಿಸರ್ಜನೆ ತಪ್ಪಬಾರದು. ಬಚ್ಚಲು ಹೊರಗಿದ್ದರೆ ಕತ್ತಲೆಯ ಅಂಜಿಕೆ ಕಳೆಯಲು ದೀಪವಿರಲಿ. ಇಷ್ಟಾದರೂ ಆರೇಳು ವರ್ಷದ ಮೇಲೆ ಮುಂದುವರಿದರೆ ಮಕ್ಕಳ ವೈದ್ಯರಲ್ಲಿ ಚಿಕಿತ್ಸೆಯಿದೆ. ಒದ್ದೆಯಾದೊಡನೆ ಸದ್ದು ಮಾಡಿ ಎಬ್ಬಿಸುವ ಉಪಕರಣವನ್ನು ಕೆಲವು ತಿಂಗಳು ಬಳಸಿದರೆ ಅನೇಕರಿಗೆ ಗುಣವಾಗುತ್ತದೆ. ಕೆಲವರಿಗೆ ವೈದ್ಯರು ಮಾತ್ರೆ ಕೊಡುವುದೂ ಉಂಟು.

ಆದರೆ ಆರು ತಿಂಗಳಿಗೂ ಹೆಚ್ಚು ಕಾಲ ನಿಂತಿದ್ದುದು ಮರುಕಳಿಸಿದರೆ, ಉರಿಮೂತ್ರವಿದ್ದರೆ, ಹಗಲಿನಲ್ಲಿಯೂ ಬಟ್ಟೆ ಒದ್ದೆಯಾಗುತ್ತಿದ್ದರೆ ಅಥವಾ ಜೋರಾದ ಗೊರಕೆಯಿದ್ದರೆ ವಯಸ್ಸು ಎಷ್ಟೇ ಇರಲಿ, ವೈದ್ಯರಿಗೆ ತೋರಿಸಬೇಕು. ವಿಪರೀತ ಬಾಯಾರಿಕೆಯೊಡನೆ ಮಗು ಸೊರಗುತ್ತಿದ್ದರೆ ಅದು ಸಕ್ಕರೆ ಕಾಯಿಲೆಯಾಗಿರಬಹುದು. ಆಗ ಅದೇ ದಿನ ರಕ್ತದ ಸಕ್ಕರೆ ಪರೀಕ್ಷಿಸಬೇಕು.

ಶಾಲೆಗಳು ಆರಂಭವಾಗುವ ಕಾಲದಲ್ಲಿ ಎಷ್ಟೋ ಮಕ್ಕಳು ವಿದ್ಯಾರ್ಥಿನಿಲಯಗಳಿಗೆ ಸೇರುತ್ತಾರೆ. ಇಂತಹ ಮಗುವಿದ್ದರೆ ಪಾಲಕರು ಸಂಕೋಚಪಡದೆ ನಿಲಯದ ಮೇಲ್ವಿಚಾರಕರನ್ನು ಏಕಾಂತದಲ್ಲಿ ಕಂಡು ತಿಳಿಸಿ, ಹಾಸಿಗೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನೂ ಎರಡು ಹೆಚ್ಚಿನ ಹೊದಿಕೆಗಳನ್ನೂ ಕೊಟ್ಟು ಬರಬೇಕು.