ತಲೆ ಎಣಿಸಿದರೆ ಬುದ್ಧಿಯ ಲೆಕ್ಕ ಸಿಗದು

ಹಾಸನ ಜಿಲ್ಲೆಯವರಿಗೆ ಆನೆಯ ಬುದ್ಧಿವಂತಿಕೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದೊಡ್ಡಗದ್ದವಳ್ಳಿಯ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಆಲೂರು, ಸಕಲೇಶಪುರದ ತೋಟಗಳಿಂದ ಬಂದ ಎರಡು ಕಥೆಗಳಾದರೂ ಕಿವಿಗೆ ಬೀಳುತ್ತವೆ: ಸೌರಬೇಲಿಯ ಮೇಲೆ ಮರ ಕೆಡವಿ ದಾಟಿಹೋದ ಸಲಗ, ಹಲಸು ಹಣ್ಣಾಗುವ ಹೊತ್ತಿಗೆ ಪ್ರತಿವರ್ಷವೂ ಅದೇ ತೋಟಕ್ಕೆ ಹಾಜರಾಗುವ ಗುಂಪು. ಆದರೆ ಇಲ್ಲಿಂದ ಶಿರಾಡಿ ಘಾಟಿ ಇಳಿದರೆ ಸಿಗುವ ಕಡಲಿನಲ್ಲಿ, ಬುದ್ಧಿಯಲ್ಲಿ ಆನೆಗೆ ಸರಿಸಮನಾಗಿ ನಿಲ್ಲಬಲ್ಲ ಇನ್ನೊಂದು ಪ್ರಾಣಿಯಿದೆ. ಘಟ್ಟದ ಮೇಲಿನ ನಮ್ಮಲ್ಲಿ ಬಹುಪಾಲು ಜನರಿಗೆ ಅದು ಚೆಂಡಾಡಿಸುವ, ಬಳೆಯೊಳಗೆ ಹಾರುವ ವಿನೋದದ ಪ್ರಾಣಿ ಮಾತ್ರ.

ಡಾಲ್ಫಿನ್ ಮೀನಲ್ಲ, ಬಿಸಿರಕ್ತದ, ಮರಿಗೆ ಹಾಲೂಡಿಸುವ ಸಸ್ತನಿ. ಉಸಿರಾಟಕ್ಕಾಗಿ ಅದು ಪ್ರತಿಬಾರಿಯೂ ನೀರಿನಿಂದ ಮೇಲಕ್ಕೆ ಬರಲೇಬೇಕು. ನಮ್ಮ ಹಾಗೆ ಮೈಮರೆತು ನಿದ್ರಿಸಿದರೆ ಮುಳುಗಿ ಸಾಯುವುದರಿಂದ ಅದರ ಮೆದುಳಿನ ಒಂದು ಪಾರ್ಶ್ವ ಮಲಗಿದಾಗ ಇನ್ನೊಂದು ಎಚ್ಚರವಿರುತ್ತದೆ. ಸೀಸೆಯ ಕತ್ತಿನಂತಹ ಮೂತಿಯ 'ಬಾಟಲ್‌ನೋಸ್' ಡಾಲ್ಫಿನ್ನಿನ ಮೆದುಳು ಸುಮಾರು ಒಂದೂವರೆ ಕಿಲೋ ತೂಗುತ್ತದೆ, ಅಂದರೆ ಮನುಷ್ಯನದಕ್ಕಿಂತ ಸ್ವಲ್ಪ ಹೆಚ್ಚು. ಗರ್ಭಾವಧಿ ಒಂದು ವರ್ಷ, ಹುಟ್ಟುವುದು ಒಂದೇ ಮರಿ. ಆ ಮರಿ ಮೂರರಿಂದ ಆರು ವರ್ಷ ತಾಯಿಯ ಬೆನ್ನು ಬಿಡುವುದಿಲ್ಲ. ಆಯುಷ್ಯ ನಲವತ್ತು ವರ್ಷಗಳಿಗೂ ಮೀರಬಹುದು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಸಂತಾನ ಕಡಿಮೆ ಮಾಡಿ ಪ್ರತಿ ಸಂತಾನದ ಮೇಲೂ ಅಪಾರ ಬಂಡವಾಳ ಹೂಡುವ ಜೀವಿ ಇದು. ಆ ಬಂಡವಾಳದ ಹೆಸರು ಕಲಿಕೆ.

ಏನನ್ನು ಕಲಿಯುತ್ತದೆ? ಮೊದಲನೆಯದಾಗಿ, ತನ್ನ ಹೆಸರನ್ನು. ಪ್ರತಿ ಡಾಲ್ಫಿನ್‌ಗೂ ತನ್ನದೇ ಆದ ಒಂದು ಸಿಳ್ಳೆ ಇದೆಯೆಂದು ಅಮೆರಿಕದ ಕಾಲ್ಡ್‌ವೆಲ್ ದಂಪತಿ 1965ರಲ್ಲಿ ವರದಿ ಮಾಡಿದರು. ಮರಿ ಅದನ್ನು ಹುಟ್ಟಿದ ಮೊದಲ ವರ್ಷದೊಳಗೆ ರೂಪಿಸಿಕೊಳ್ಳುತ್ತದೆ. ಸ್ಕಾಟ್ಲೆಂಡಿನ ತೀರದಲ್ಲಿ ಸ್ಟೆಫನಿ ಕಿಂಗ್ ಮತ್ತು ವಿನ್ಸೆಂಟ್ ಯಾನಿಕ್ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ತನ್ನ ಸಿಳ್ಳೆಯ ನಕಲನ್ನು ಕೇಳಿಸಿದಾಗ ಆ ಪ್ರಾಣಿ ಓಗೊಟ್ಟಿತು, ಇತರರ ಸಿಳ್ಳೆಗೆ ಹಾಗೆ ಓಗೊಡಲಿಲ್ಲ. ಅದೇ ವರ್ಷ ಪ್ರಕಟವಾದ ಜೇಸನ್ ಬ್ರಕ್ ಅವರ ಅಧ್ಯಯನ ಇನ್ನೂ ಸೋಜಿಗದ್ದು. ಹಿಂದೆ ಜೊತೆಗಿದ್ದು ಬೇರ್ಪಟ್ಟ ಸಂಗಾತಿಯ ಸಿಳ್ಳೆಯನ್ನು ಇಪ್ಪತ್ತು ವರ್ಷಗಳ ನಂತರವೂ ಡಾಲ್ಫಿನ್ ಗುರುತಿಸುತ್ತದೆ. ಸಹಪಾಠಿಗಳ ಹೆಸರು ಮರೆತು ತಡವರಿಸುವ ನನ್ನ ವಯಸ್ಸಿನವರು ಇದನ್ನು ಗಮನಿಸಬೇಕು!

ಎರಡನೆಯದು ಕಸುಬು. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಕೊಲ್ಲಿಯ ಕೆಲವು ಡಾಲ್ಫಿನ್‌ಗಳು ಸಮುದ್ರದ ತಳದ ಸ್ಪಂಜನ್ನು ಕಿತ್ತು ಮೂತಿಗೆ ಕವಚದಂತೆ ಸಿಕ್ಕಿಸಿಕೊಂಡು, ಒರಟು ನೆಲವನ್ನು ಕೆದಕಿ ಅಡಗಿದ ಮೀನನ್ನು ಎಬ್ಬಿಸುತ್ತವೆ. ಎಲ್ಲವೂ ಹೀಗೆ ಮಾಡುವುದಿಲ್ಲ. ಕೆಲವು ತಾಯಂದಿರು ಮಾಡುತ್ತಾರೆ, ಅವರಿಂದ ಮರಿಗಳು, ಅದರಲ್ಲೂ ಹೆಣ್ಣುಮರಿಗಳು ಕಲಿಯುತ್ತವೆ. ಅಲ್ಲಿಯ ಗಂಡುಗಳು ಎರಡು ಮೂರರಂತೆ ಜೊತೆಗೂಡಿ, ಆ ಜೊತೆಗಳು ಮತ್ತೆ ಒಕ್ಕೂಟ ಕಟ್ಟಿಕೊಂಡು, ವರ್ಷಗಟ್ಟಲೆ ಮೈತ್ರಿ ನಡೆಸುತ್ತವೆ. ಶಾರ್ಕ್ ಬೇಯಲ್ಲಿರುವ ಇಂಡೋ-ಪೆಸಿಫಿಕ್ ಬಾಟಲ್‌ನೋಸ್ ಪ್ರಭೇದವೇ ನಮ್ಮ ಅರಬ್ಬಿ ಸಮುದ್ರದಲ್ಲೂ ಇದೆ. ಕಾರವಾರದ ಕೂರ್ಮಗಡ, ಗೋಕರ್ಣದ ಕಡೆ ದಡಕ್ಕೆ ಹತ್ತಿರದಲ್ಲಿ ಪ್ರವಾಸಿಗರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಅದರ ಹತ್ತಿರದ ಸಂಬಂಧಿಯಾದ, ಬೆನ್ನಿನ ಮೇಲೆ ಗೂನಿರುವ ಹಂಪ್‌ಬ್ಯಾಕ್ ಡಾಲ್ಫಿನ್. ಅದು ಜಾಗತಿಕವಾಗಿ ಅಳಿವಿನಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ.

ಇಲ್ಲಿ ಮತ್ತೆ ಆನೆಯ ಮಾತು ಬರುತ್ತದೆ. ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಡಾಲ್ಫಿನ್ ಅರಿಯುತ್ತದೆಂದು 2001ರಲ್ಲಿ ತೋರಿಸಿದ ಡಯಾನಾ ರೀಸ್, ಏಷ್ಯಾದ ಆನೆಯೂ ಅರಿಯಬಲ್ಲುದೆಂದು 2006ರಲ್ಲಿ ತೋರಿಸಿದ ತಂಡದಲ್ಲೂ ಇದ್ದರು. ದಕ್ಷಿಣ ಭಾರತದಲ್ಲಿ ಎಳೆಯ ಗಂಡಾನೆಗಳು ಕೃಷಿಭೂಮಿಯ ಅಪಾಯವನ್ನು ಎದುರಿಸಲು ಗುಂಪು ಕಟ್ಟಿಕೊಳ್ಳುತ್ತಿವೆಯೆಂದು ರಾಮನ್ ಸುಕುಮಾರ್ ಮೊದಲಾದವರು 2019ರಲ್ಲಿ ಬರೆದರು. ಇದೂ ಒಂದು ಬಗೆಯ ಗಂಡುಮೈತ್ರಿಯೇ. ಎಲ್ಲಕ್ಕಿಂತ ಮುಖ್ಯವಾದದ್ದು ತಾಂಜಾನಿಯಾದ ತರಂಗಿರೆ ಉದ್ಯಾನದ ನಿದರ್ಶನ. 1993ರ ಬರಗಾಲದಲ್ಲಿ ವಯಸ್ಸಾದ ಹೆಣ್ಣಾನೆಗಳಿದ್ದ ಗುಂಪುಗಳು ಉದ್ಯಾನ ಬಿಟ್ಟು ಹೊರಟು ಹೆಚ್ಚು ಮರಿಗಳನ್ನು ಉಳಿಸಿಕೊಂಡವು. ಅಂಥ ಹಿರಿಯರಿಲ್ಲದ ಗುಂಪು ಅಲ್ಲಿಯೇ ಉಳಿದು ಹೆಚ್ಚು ಮರಿಗಳನ್ನು ಕಳೆದುಕೊಂಡಿತು. ಹಿಂದಿನ ಬರವನ್ನು ಕಂಡಿದ್ದ ಹಿರಿಯ ತಲೆಯ ಬೆಲೆ ಅದು.

ಸರ್ಕಾರಿ ಕಡತದಲ್ಲಿ ಈ ಬೆಲೆಯನ್ನು ಬರೆಯಲು ಅಂಕಣವಿಲ್ಲ. ಅಲ್ಲಿರುವುದು 'ಸಂಖ್ಯೆ' ಎಂಬ ಅಂಕಣ ಮಾತ್ರ. ಹೈಕೋರ್ಟ್ ಸೂಚನೆಯಂತೆ ರಚನೆಯಾದ, ಸುಕುಮಾರ್ ಅವರೇ ನೇತೃತ್ವ ವಹಿಸಿದ್ದ ಕಾರ್ಯಪಡೆಯ 2012ರ ವರದಿಯ ನಂತರ, ಹಾಸನ ಜಿಲ್ಲೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ತೋಟದ ಕೂಲಿಕಾರರು ಪ್ರಾಣ ಕಳೆದುಕೊಳ್ಳುತ್ತಿದ್ದಾಗ ಅದು ಅನಿವಾರ್ಯವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದನ್ನು ನಾನು ಆಕ್ಷೇಪಿಸುತ್ತಲೂ ಇಲ್ಲ. ಆದರೆ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು, ಸಂಘರ್ಷ ಮುಂದುವರಿಯಿತು. ಆಮೇಲೆ ಹೆಚ್ಚು ಉಪಯೋಗಕ್ಕೆ ಬಂದದ್ದು ರೇಡಿಯೋ ಕಾಲರ್, ಮೊಬೈಲ್ ಸಂದೇಶ, ರಸ್ತೆಬದಿಯ ಎಚ್ಚರಿಕೆ ಫಲಕಗಳು. ಅಂದರೆ ಪ್ರತಿ ಆನೆಯನ್ನೂ ಬೇರೆಬೇರೆಯಾಗಿ ಅರಿಯುವ ವಿಧಾನ.

ಕಡಲಿನಲ್ಲಿ ಆ ಅರಿವು ಇನ್ನೂ ಬಂದಿಲ್ಲ. ಕಾನೂನಿನ ಕೊರತೆಯಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಆನೆಯ ಜೊತೆಗೇ ಡಾಲ್ಫಿನ್ ಇದೆ. 1998ರಲ್ಲಿ ಚೆನ್ನೈ ಸಮೀಪದ ವಿನೋದ ಉದ್ಯಾನಕ್ಕೆ ಹೊರದೇಶದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತವು. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಇಂಥ ಉದ್ಯಾನಗಳಿಗೆ ಅನುಮತಿ ನೀಡಬಾರದೆಂದು ರಾಜ್ಯಗಳಿಗೆ ಬರೆಯಿತು. ಆ ಸುತ್ತೋಲೆಯಲ್ಲಿ, ಡಾಲ್ಫಿನ್‌ಗಳನ್ನು 'ಮನುಷ್ಯೇತರ ವ್ಯಕ್ತಿ'ಗಳೆಂದು ಕಾಣಬೇಕೆಂಬ ವಿಜ್ಞಾನಿಗಳ ಅಭಿಪ್ರಾಯಕ್ಕೂ ಜಾಗ ಸಿಕ್ಕಿತ್ತು. ಸರ್ಕಾರಿ ಸುತ್ತೋಲೆಯಲ್ಲಿ ಇಂಥ ಮಾತು ಅಪರೂಪ. ಆದರೆ ಕೊಳದಲ್ಲಿ ಹಿಡಿದಿಡುವುದನ್ನು ತಡೆದಷ್ಟು ಸುಲಭವಾಗಿ ಬಲೆಯಲ್ಲಿ ಸಿಕ್ಕು ಸಾಯುವುದನ್ನು ತಡೆಯಲಾಗದು. ದಡದ ಹತ್ತಿರ ಇಳಿಬಿಟ್ಟ ಕಂತುಬಲೆಗೆ ಸಿಲುಕಿದ ಪ್ರಾಣಿ ಮೇಲೆ ಬಂದು ಉಸಿರೆಳೆಯಲಾರದೆ ಸಾಯುತ್ತದೆ. ಮೀನುಗಾರನಿಗೂ ಅದು ಬೇಕಿಲ್ಲ. ಬಲೆ ಹರಿಯುತ್ತದೆ, ಹೇಳಿಕೊಂಡರೆ ಮೊಕದ್ದಮೆಯ ಭಯ. ಹೀಗಾಗಿ ಸತ್ತದ್ದು ವಯಸ್ಸಾದ ತಾಯಿಯೋ, ಎಳೆಯ ಗಂಡೋ ಎಂಬುದು ಯಾವ ದಾಖಲೆಗೂ ಬರುವುದಿಲ್ಲ. ಉದ್ದೇಶಪೂರ್ವಕವಲ್ಲದ ಸಾವನ್ನು ವರದಿ ಮಾಡಿದ ಮೀನುಗಾರನಿಗೆ ಶಿಕ್ಷೆಯ ಬದಲು ಬಲೆಯ ನಷ್ಟ ತುಂಬಿಕೊಡುವುದು ದೊಡ್ಡ ವೆಚ್ಚದ ಬಾಬತ್ತಲ್ಲ. ಬೆಳೆನಷ್ಟಕ್ಕೆ ಹಾಸನದ ರೈತನಿಗೆ ಕೊಡುವ ಪರಿಹಾರದ ಮಾದರಿ ಕಣ್ಣೆದುರೇ ಇದೆ.

ಈ ಲೆಕ್ಕವನ್ನು ಕೇಳುವವರು ಈಗ ಹೊರಗಿನಿಂದಲೂ ಬಂದಿದ್ದಾರೆ. ಸಮುದ್ರ ಸಸ್ತನಿಗಳನ್ನು ಮಿತಿಮೀರಿ ಬಲಿತೆಗೆದುಕೊಳ್ಳುವ ಮೀನುಗಾರಿಕೆಯ ಉತ್ಪನ್ನಗಳನ್ನು ಕೊಳ್ಳುವುದಿಲ್ಲವೆಂದು ಅಮೆರಿಕ 2016ರಲ್ಲಿ ನಿಯಮ ಹೊರಡಿಸಿತು. ಗಡುವು ಹಲವು ಬಾರಿ ಮುಂದಕ್ಕೆ ಹೋಯಿತು. ನಮ್ಮ ಕಡಲಿನ ಡಾಲ್ಫಿನ್‌ಗಳ ಸಮೀಕ್ಷೆಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಚುರುಕಿನ ಹಿಂದೆ ಈ ಸಿಗಡಿ ವ್ಯಾಪಾರದ ಒತ್ತಡವೂ ಇದೆ. ಕಾರಣ ಏನೇ ಇರಲಿ, ಎಣಿಕೆ ಶುರುವಾಗಿದೆ; ಆ ನಮೂನೆಯಲ್ಲಿ ವಯಸ್ಸಿಗೂ ಲಿಂಗಕ್ಕೂ ಒಂದೊಂದು ಅಂಕಣ ಸೇರಿಸುವ ಕೆಲಸ ಬಾಕಿಯಿದೆ.