ತವರಿನಲ್ಲಿ ಸೋತು ವೆನಿಸ್ಸಿನಲ್ಲಿ ಗೆದ್ದ ಚಿತ್ರ

1956ರಲ್ಲಿ ಕಲ್ಕತ್ತೆಯಲ್ಲಿ ತೆರೆಕಂಡ ‘ಅಪರಾಜಿತೊ’ ಚಿತ್ರವನ್ನು ಜನ ಆದರಿಸಲಿಲ್ಲ. ಸತ್ಯಜಿತ್ ರಾಯ್ ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ಗೆ ದೊರೆತ ಸ್ವಾಗತ ಇದಕ್ಕೆ ದೊರೆಯದೆ ಹೋಯಿತು. ವಿಧವೆಯಾದ ತಾಯಿ ಸರ್ವಜಯಾ ಹಳ್ಳಿಯಲ್ಲಿ ಮಗನ ದಾರಿ ಕಾಯುತ್ತ ಕೊರಗುತ್ತಾಳೆ. ಓದಿಗೆಂದು ಕಲ್ಕತ್ತೆ ಸೇರಿದ ಅಪುವಿಗೆ ಊರಿನ ನೆನಪೇ ಮಾಸತೊಡಗುತ್ತದೆ. ಮಾತೃಪ್ರೇಮವನ್ನು ಕೊಂಡಾಡುವ ಕಥೆಗಳಿಗೆ ಒಗ್ಗಿದ್ದ ಪ್ರೇಕ್ಷಕರಿಗೆ ಈ ನಿಜ ಕಹಿಯೆನಿಸಿತು.

ಮರುವರ್ಷ ಅದೇ ಚಿತ್ರ ಇಟಲಿಯ ವೆನಿಸ್ ಚಲನಚಿತ್ರೋತ್ಸವದ ಸ್ಪರ್ಧೆಗೆ ನಿಂತಿತು. 1932ರಲ್ಲಿ ಆರಂಭವಾದ ಈ ಉತ್ಸವ ಜಗತ್ತಿನ ಚಿತ್ರೋತ್ಸವಗಳಲ್ಲೆಲ್ಲ ಹಿರಿಯದು. ಎದುರಾಳಿಗಳೂ ಸಾಮಾನ್ಯರಲ್ಲ. ಜಪಾನಿನ ಕುರೊಸಾವಾ ‘ಮ್ಯಾಕ್‌ಬೆತ್’ ನಾಟಕವನ್ನು ತಮ್ಮ ನಾಡಿನ ಸಮುರಾಯಿಗಳ ಕಥೆಯಾಗಿಸಿ ತಂದಿದ್ದರು. ಇಟಲಿಯವರೇ ಆದ ವಿಸ್ಕೊಂಟಿ, ದಾಸ್ತಯೇವ್‌ಸ್ಕಿಯ ಕಥೆಯನ್ನಾಧರಿಸಿದ ‘ಬಿಳಿಯ ರಾತ್ರಿಗಳು’ ಚಿತ್ರವನ್ನು ತಂದಿದ್ದರು. ತೀರ್ಪುಗಾರರಿಗೆ ಫ್ರಾನ್ಸಿನ ರೆನೆ ಕ್ಲೇರ್ ಅಧ್ಯಕ್ಷರು. ವಿಸ್ಕೊಂಟಿಯವರಿಗೆ ರಜತಸಿಂಹ ಲಭಿಸಿತು. ಪರಮ ಪ್ರಶಸ್ತಿಯಾದ ಸ್ವರ್ಣಸಿಂಹ ‘ಅಪರಾಜಿತೊ’ ಚಿತ್ರಕ್ಕೆ ಸಂದಿತು. ಭಾರತದ ಚಿತ್ರವೊಂದಕ್ಕೆ ಆ ಗೌರವ ದೊರೆತುದು ಅದೇ ಮೊದಲು.

ಅಪುವಿನ ಕಥೆ ಮುಂದುವರಿಯುವುದೇ ಎಂದು ವೆನಿಸ್ಸಿನಲ್ಲಿ ಪತ್ರಕರ್ತರು ಕೇಳಿದಾಗ ರಾಯ್ ಹೌದೆಂದುಬಿಟ್ಟರು. ಆ ಮಾತಿನ ಫಲವಾಗಿ 1959ರಲ್ಲಿ ‘ಅಪುರ್ ಸಂಸಾರ್’ ಹೊರಬಂದಿತು. ಅಪುವನ್ನು ಹಿಂದೆ ಒಲ್ಲೆನೆಂದಿದ್ದ ಕಲ್ಕತ್ತೆಯ ಜನ ಈ ಬಾರಿ ತುಂಬು ಹೃದಯದಿಂದ ಬರಮಾಡಿಕೊಂಡರು.